ತಲೆ ಸವೆದ ಪುಟ್ಟ ಸ್ಕ್ರೂವನ್ನು ಬಿಚ್ಚಿದ ನನ್ನ ಅನುಭವ

ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ (ಮಾಹಿತಿ ಉಳಿಸಿಡುವ ವೇಗದ ಡ್ರೈವ್) ಹಾಕಲೆಂದು ಕುಳಿತಾಗ ತಳದ ಮುಚ್ಚಳದ ಹತ್ತು ಸ್ಕ್ರೂಗಳಲ್ಲಿ ಒಂಬತ್ತು ಸಲೀಸಾಗಿ ಬಿಚ್ಚಿಕೊಂಡವು. ಎಡಗಡೆಯ ಹಿಂಜ್ ಪಕ್ಕದಲ್ಲಿದ್ದ ಹತ್ತನೆಯದು ಅಲುಗಲಿಲ್ಲ. ತಪ್ಪು ನನ್ನದೇ: ಆ ಸ್ಕ್ರೂಗಳಿಗೆ ಹೊಂದುವುದು ಪಿಎಚ್0 ಅಳತೆಯ ಬಿಟ್ (ಸ್ಕ್ರೂಡ್ರೈವರಿಗೆ ಸಿಕ್ಕಿಸುವ ತುದಿ) ಆಗಿದ್ದರೂ, ಕೈಗೆ ಮೊದಲು ಸಿಕ್ಕಿದ, ಅದಕ್ಕಿಂತ ಚಿಕ್ಕದಾದ ಪಿಎಚ್00 ಬಿಟ್‌ನಲ್ಲೇ ನಾನು ಕೆಲಸ ನಡೆಸಿದ್ದೆ. ಸಡಿಲವಾಗಿದ್ದವು ಅದಕ್ಕೂ ಬಂದವು. ಬಿಗಿಯಾಗಿದ್ದ ಈ ಒಂದರಲ್ಲಿ ಬಿಟ್ ಮೂರು ಬಾರಿ ಜಾರಿತು, ಮೂರನೆಯ ಬಾರಿಗೆ ಪ್ಲಸ್ ಆಕಾರದ ಕಚ್ಚು ಹೋಗಿ ದುಂಡನೆಯ ಗುಳಿಯೊಂದು ಉಳಿಯಿತು.

ಇದು ಎಂ2 ಸ್ಕ್ರೂ, ಅಂದರೆ ಅದರ ಕಾಂಡದ ವ್ಯಾಸ ಕೇವಲ 2 ಮಿ.ಮೀ. ಹೆನ್ರಿ ಫಿಲಿಪ್ಸ್ 1936ರಲ್ಲಿ ಪೇಟೆಂಟ್ ಪಡೆದ ಈ ಪ್ಲಸ್ ಕಚ್ಚಿನ ಗೋಡೆಗಳು ಓರೆಯಾಗಿರುವುದರಿಂದ, ನಾವು ತಿರುಗಿಸುವ ಬಲದ ಒಂದು ಪಾಲು ಬಿಟ್ಟನ್ನು ಮೇಲಕ್ಕೆ ತಳ್ಳುತ್ತದೆ. ಮೇಲಿನಿಂದ ಸಾಕಷ್ಟು ಒತ್ತದೆ ತಿರುಗಿಸಿದರೆ ಬಿಟ್ ಮೇಲೇರಿ, ಹೋಗುತ್ತ ಕಚ್ಚಿನ ಅಂಚನ್ನು ಕೆರೆದುಕೊಂಡೇ ಹೋಗುತ್ತದೆ. ದೊಡ್ಡ ಸ್ಕ್ರೂವಾದರೆ ನಾಲ್ಕಾರು ಬಾರಿ ಜಾರಿದರೂ ಹಿಡಿಯಲು ಲೋಹ ಉಳಿದಿರುತ್ತದೆ, ಇಷ್ಟು ಚಿಕ್ಕದರಲ್ಲಿ ಉಳಿಯುವುದಿಲ್ಲ. ಮೊದಲ ಬಾರಿ ಜಾರಿದಾಗಲೇ ಕೈ ನಿಲ್ಲಿಸಿ ಬಿಟ್ ಬದಲಿಸಿದ್ದರೆ ಮುಂದಿನ ಎರಡು ಗಂಟೆಗಳ ಪಾಡು ಇರುತ್ತಿರಲಿಲ್ಲ.

ಎಲ್ಲರೂ ಹೇಳುವ ರಬ್ಬರ್ ಬ್ಯಾಂಡ್ ಉಪಾಯವನ್ನು ಮೊದಲು ಮಾಡಿ ನೋಡಿದೆ. ಅಗಲವಾದ ಬ್ಯಾಂಡನ್ನು ತಲೆಯ ಮೇಲಿಟ್ಟು, ಅದರ ಮೇಲೆ ಪಿಎಚ್0 ಬಿಟ್ಟನ್ನು ಒತ್ತಿ ತಿರುಗಿಸಿದರೆ ರಬ್ಬರ್ ಹರಿಯಿತೇ ಹೊರತು ಸ್ಕ್ರೂ ಕದಲಲಿಲ್ಲ. ಗುಳಿ ಅಷ್ಟು ಕಿರಿದಾಗಿದ್ದಾಗ ರಬ್ಬರೇ ಅದನ್ನು ತುಂಬಿಕೊಂಡು ಬಿಟ್ ಕೆಳಗಿಳಿಯಲು ಎಡೆಗೊಡುವುದಿಲ್ಲ. ಇಕ್ಕಳದಲ್ಲಿ ಹಿಡಿಯೋಣವೆಂದರೆ ತಲೆ ಪ್ಲಾಸ್ಟಿಕ್ಕಿನ ಹಳ್ಳದೊಳಗೆ ಕೂತಿತ್ತು. ಅದೇ ಕಾರಣಕ್ಕೆ ತಲೆಯ ಮೇಲೆ ಹೊಸ ಗೀರು ಕೊಯ್ದು ಚಪ್ಪಟೆ ಸ್ಕ್ರೂಡ್ರೈವರ್ ಹಾಕುವ ದಾರಿಯೂ ಮುಚ್ಚಿತು. ಫೆವಿಕ್ವಿಕ್ ಹಚ್ಚಿ ಬಿಟ್ಟನ್ನು ಅಂಟಿಸುವ ಸಲಹೆಯನ್ನು ನಾನು ಒಪ್ಪಲಿಲ್ಲ. ನೀರಿನಂತಿರುವ ಆ ಅಂಟು ತಲೆಯ ಅಂಚಿನಿಂದ ಥ್ರೆಡ್‌ಗೆ (ಕಾಂಡದ ಸುರುಳಿ ಗೆರೆಗಳಿಗೆ) ಇಳಿದರೆ ಬಿಚ್ಚಬೇಕಾದುದನ್ನೇ ಬೆಸೆದಂತಾಗುತ್ತದೆ. ಡ್ರಿಲ್ ಮಾಡುವ ಮಾತಂತೂ ಇರಲಿಲ್ಲ, ಏಕೆಂದರೆ ಮುಚ್ಚಳದ ಕೆಳಗೆ ಲಿಥಿಯಂ ಬ್ಯಾಟರಿ ಇದೆ ಮತ್ತು ಲೋಹದ ಪುಡಿ ಮದರ್‌ಬೋರ್ಡಿನ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ.

ಆಗ ಬಿಚ್ಚಿಟ್ಟಿದ್ದ ಒಂಬತ್ತು ಸ್ಕ್ರೂಗಳನ್ನು ಬೆಳಕಿಗೆ ಹಿಡಿದು ನೋಡಿದೆ. ಅವುಗಳಲ್ಲಿ ಎರಡರ ಥ್ರೆಡ್ ಮೇಲೆ ನೀಲಿ ಲೇಪವಿತ್ತು. ತಾನಾಗಿ ಸಡಿಲವಾಗದಿರಲೆಂದು ಕಾರ್ಖಾನೆಯಲ್ಲೇ ಹಚ್ಚುವ ಇಂಥ ಲೇಪ ಬಿಸಿಗೆ ಮೆತ್ತಗಾಗುತ್ತದೆ. ಹತ್ತನೆಯದಕ್ಕೂ ಅದೇ ಇರಬೇಕೆಂದುಕೊಂಡು, ಲ್ಯಾಪ್‌ಟಾಪನ್ನು ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಸೋಲ್ಡರಿಂಗ್ ಐರನ್ನನ್ನು ಕಾಯಿಸಿ, ಅದರ ಪ್ಲಗ್ಗನ್ನೂ ಕಿತ್ತ ಬಳಿಕ ಮೊನೆಯನ್ನು ಸ್ಕ್ರೂವಿನ ತಲೆಯ ನಟ್ಟನಡುವೆ ಹತ್ತು ಸೆಕೆಂಡು ಮುಟ್ಟಿಸಿದೆ. ಸ್ವಲ್ಪ ತಡೆದು ಇನ್ನೊಮ್ಮೆ ಹಾಗೆಯೇ ಮಾಡಿದೆ. ಬ್ಯಾಟರಿ ಆ ಮೂಲೆಯಿಂದ ದೂರದಲ್ಲಿದೆಯೆಂದು ಸರ್ವಿಸ್ ಮ್ಯಾನ್ಯುಯಲ್‌ನ ಚಿತ್ರದಲ್ಲಿ ಮೊದಲೇ ಖಚಿತಪಡಿಸಿಕೊಂಡಿದ್ದೆ, ಇಲ್ಲವಾದರೆ ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ಇನ್ನು ಬೇಕಾಗಿದ್ದುದು ಹಿಡಿತ. ದುಂಡಾದ ಗುಳಿಗೆ ಆರು ಮೂಲೆಯ ಟಾರ್ಕ್ಸ್ ಬಿಟ್‌ಗಳನ್ನು ಒಂದೊಂದಾಗಿ ಇಟ್ಟು ನೋಡಿದೆ: ಟಿ5 ಅಳತೆಯದು ಲೊಡಲೊಡ ಎನ್ನುತ್ತಿತ್ತು, ಟಿ6 ಒಳಗಿಳಿಯಲು ಕೂದಲೆಳೆಯಷ್ಟು ದಪ್ಪವಾಗಿತ್ತು. ನನಗೆ ಬೇಕಿದ್ದುದು ಆ ದಪ್ಪವೇ. ಮುಚ್ಚಿದ ಲ್ಯಾಪ್‌ಟಾಪನ್ನು ಬೋರಲು ಹಾಕಿ ಕುಟ್ಟಿದರೆ ಪೆಟ್ಟು ಪರದೆಗೆ ಬೀಳುತ್ತದೆ. ಆದ್ದರಿಂದ ಅದನ್ನು ತೆರೆದು, ಪರದೆ ಮೇಜಿನ ಅಂಚಿನಿಂದ ಕೆಳಗೆ ಇಳಿಬಿದ್ದಿರುವಂತೆ ಮಾಡಿ, ಕೀಬೋರ್ಡಿನ ಭಾಗವನ್ನು ಬಟ್ಟೆಯ ಮೇಲೆ ಬೋರಲಾಗಿ ಇಟ್ಟೆ. ಮನೆಯವರೊಬ್ಬರು ಅದನ್ನು ಅದುಮಿ ಹಿಡಿದಿರಲು, ಟಿ6 ಬಿಟ್ಟನ್ನು ನೆಟ್ಟಗೆ ನಿಲ್ಲಿಸಿ ಇನ್ನೊಂದು ಸ್ಕ್ರೂಡ್ರೈವರಿನ ಹಿಡಿಯಿಂದ ಮೂರು ಬಾರಿ ಮೆಲ್ಲಗೆ ತಟ್ಟಿದೆ. ಜೋರಾಗಿ ಕುಟ್ಟುವಂತಿಲ್ಲ, ಏಕೆಂದರೆ ಕೆಳಗೆ ಸ್ಕ್ರೂವನ್ನು ಹಿಡಿದಿರುವುದು ಪ್ಲಾಸ್ಟಿಕ್ಕಿನಲ್ಲಿ ಹುದುಗಿಸಿದ ಚಿಕ್ಕ ಹಿತ್ತಾಳೆ ನಟ್. ಬಳಿಕ ಬಿಟ್ಟನ್ನು ಅಂಗೈಯಿಂದ ಮೈಭಾರ ಹಾಕಿ ಒತ್ತಿ, ತಿರುಗಿಸುವ ಬಲವನ್ನು ನಿಧಾನವಾಗಿ ಏರಿಸುತ್ತ ಹೋದಾಗ 'ಟಕ್' ಎಂಬ ಸಣ್ಣ ಸದ್ದಾಯಿತು. ಬಿಟ್ ಮತ್ತೆ ಜಾರಿತೆಂದೇ ಭಾವಿಸಿದ್ದೆ, ಆದರೆ ತಿರುಗಿದ್ದು ಸ್ಕ್ರೂ.

ಹಳೆಯದನ್ನು ವರ್ನಿಯರ್ ಕ್ಯಾಲಿಪರ್ ಎಂಬ ಸೂಕ್ಷ್ಮ ಅಳತೆಗೋಲಿನಲ್ಲಿ ಅಳೆದು, ಅದೇ ಉದ್ದದ ಹೊಸ ಎಂ2 ಸ್ಕ್ರೂವನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದೆ. ಒಂದೆರಡು ಮಿಲಿಮೀಟರ್ ಉದ್ದವಿದ್ದರೂ ಅದರ ತುದಿ ಕೀಬೋರ್ಡಿನ ಕಡೆಗೆ ಉಬ್ಬಿ ಬರುತ್ತದೆ. ಈ ಬಾರಿ ಪಿಎಚ್0 ಬಿಟ್ ಹಿಡಿದು, ತಲೆ ಹಳ್ಳದಲ್ಲಿ ಕೂತೊಡನೆ ತಿರುಗಿಸುವುದನ್ನು ನಿಲ್ಲಿಸಿದೆ.