ಹಾಡಿನ ವಿಡಿಯೊ ಬಿಚ್ಚಿ ನೋಡುವುದು: ಫ್ರೇಮ್ ಎಣಿಸಿ ಕಲಿತದ್ದು

ಹಾಡಿನ ವಿಡಿಯೊ ಒಂದನ್ನು ಅಭ್ಯಾಸಕ್ಕೆ ಎತ್ತಿಕೊಂಡರೆ ನಾನು ಮೊದಲು ಮಾಡುವ ಕೆಲಸ ಸದ್ದು ಪೂರ್ತಿ ಬಂದ್ ಮಾಡುವುದು. ಹಾಡು ಕಿವಿಗೆ ಬೀಳುತ್ತಿದ್ದರೆ ತಾಳ ಬಿದ್ದ ಕಡೆಯೆಲ್ಲ ಕಟ್ ಆಯಿತು, ಅಂದರೆ ಚಿತ್ರ ಬದಲಾಯಿತು ಅಂತ ಮನಸ್ಸು ತಾನಾಗಿ ಸೇರಿಸಿಕೊಳ್ಳುತ್ತದೆ. ಚರಣದ ನಡುವೆ ಹತ್ತು ಸೆಕೆಂಡ್ ಅಲ್ಲಾಡದೆ ನಿಂತ ಶಾಟು (ಒಂದು ಕಟ್‌ನಿಂದ ಮುಂದಿನ ಕಟ್‌ವರೆಗಿನ ತುಣುಕು) ಗಮನಕ್ಕೇ ಬರುವುದಿಲ್ಲ.

ವಿಎಲ್‌ಸಿ ಪ್ಲೇಯರ್‌ನಲ್ಲಿ ‘ಇ’ ಕೀ ಒತ್ತಿದರೆ ಒಂದೊಂದೇ ಫ್ರೇಮ್ (ವಿಡಿಯೊದ ಒಂದು ಸ್ಥಿರಚಿತ್ರ) ಮುಂದೆ ಹೋಗುತ್ತದೆ, ಆದರೆ ಹಿಂದಕ್ಕೆ ಬರಲು ತಾಪತ್ರಯ. ಹಾಗಾಗಿ ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿ ಬಳಸುತ್ತೇನೆ. ಬಾಣದ ಕೀಗಳಿಂದ ಎರಡೂ ದಿಕ್ಕಿಗೆ ಒಂದೊಂದು ಫ್ರೇಮ್ ಸರಿಯಬಹುದು, ‘ಎಂ’ ಒತ್ತಿದರೆ ಆ ಜಾಗಕ್ಕೆ ಗುರುತು (ಮಾರ್ಕರ್) ಬೀಳುತ್ತದೆ. ಫೈಲ್ ಹಾಕುವ ಮುಂಚೆಯೇ ಪ್ರಾಜೆಕ್ಟಿನ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವುದು) ಸರಿ ಮಾಡಿಕೊಳ್ಳಿ. 23.976ರ ಫೈಲನ್ನು 24 ಅಂತ ಲೆಕ್ಕ ಹಿಡಿದರೆ ನಾಲ್ಕು ನಿಮಿಷದ ಹಾಡು ಮುಗಿಯುವಷ್ಟರಲ್ಲಿ ಸುಮಾರು ಆರು ಫ್ರೇಮ್ ತಪ್ಪಿರುತ್ತದೆ. ಫೋನಿನಲ್ಲಿ ತೆಗೆದ ವಿಡಿಯೊ ಆದರೆ ಫ್ರೇಮ್ ರೇಟೇ ಏರಿಳಿಯುತ್ತಿರುತ್ತದೆ. ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೊ ಪರಿವರ್ತಿಸುವ ಸಾಫ್ಟ್‌ವೇರ್‌ನಲ್ಲಿ ಸ್ಥಿರ ಫ್ರೇಮ್ ರೇಟಿಗೆ ತಂದುಕೊಂಡೇ ಎಣಿಕೆಗೆ ಕೂರಬೇಕು.

ಕಟ್‌ಗಳನ್ನು ತಾನಾಗಿ ಹುಡುಕುವ ಸೌಲಭ್ಯ ರಿಸಾಲ್ವ್‌ನಲ್ಲಿದೆ. ಆದರೆ ಬಿಳಿ ಫ್ಲ್ಯಾಶನ್ನು ಅದು ಕಟ್ ಅಂದುಕೊಳ್ಳುತ್ತದೆ, ಡಿಸಾಲ್ವನ್ನು (ಒಂದು ಚಿತ್ರ ಕರಗಿ ಇನ್ನೊಂದಾಗುವುದನ್ನು) ಬಿಟ್ಟುಬಿಡುತ್ತದೆ. ಕ್ಯಾಮೆರಾ ಜೋರಾಗಿ ತಿರುಗಿದ ಮಸುಕಿನಲ್ಲಿ ಬಚ್ಚಿಟ್ಟ ಕಟ್ ಅದಕ್ಕೆ ಸಿಗುವುದೇ ಕಡಿಮೆ. ಕೈಯಾರೆ ಒಮ್ಮೆ ಪರೀಕ್ಷಿಸಲೇಬೇಕು. ಎಡಿಟಿಂಗ್‌ನಲ್ಲಿ ಅದೇ ಶಾಟನ್ನು ಹಿಗ್ಗಿಸಿ ಹತ್ತಿರ ತಂದದ್ದನ್ನು ಹೊಸ ಶಾಟ್ ಅಂತ ಎಣಿಸಬೇಕೋ ಬೇಡವೋ ಅನ್ನುವುದನ್ನು ಮೊದಲೇ ನಿಶ್ಚಯಿಸಿಕೊಳ್ಳಿ. ನಾನು ಎಣಿಸುತ್ತೇನೆ, ಶಾಟ್‌ಗಳನ್ನು ಸಾಲಾಗಿ ಬರೆದಿಡುವ ಹಾಳೆಯಲ್ಲಿ ಅದರ ಪಕ್ಕ ‘ಹಿಗ್ಗಿಸಿದ್ದು’ ಅಂತ ಬರೆಯುತ್ತೇನೆ.

ಬರೀ ಸರಾಸರಿ ತೆಗೆದರೆ ಏನೂ ಗೊತ್ತಾಗುವುದಿಲ್ಲ. 220 ಸೆಕೆಂಡಿನ ಹಾಡಿನಲ್ಲಿ 88 ಶಾಟ್ ಇವೆ ಎಂದುಕೊಳ್ಳಿ, ಸರಾಸರಿ 2.5 ಸೆಕೆಂಡ್. ಅದೇ ಹಾಡನ್ನು ಪಲ್ಲವಿ, ಬಿಜಿಎಂ (ನಡುವೆ ಬರುವ ಬರೀ ವಾದ್ಯದ ಭಾಗ), ಚರಣ ಅಂತ ಬಿಡಿಸಿ ನೋಡಿದಾಗ ಮೊದಲ ಪಲ್ಲವಿಯ 60 ಸೆಕೆಂಡಿಗೆ 15 ಶಾಟ್, ಎರಡನೇ ಬಿಜಿಎಂನ 20 ಸೆಕೆಂಡಿಗೆ 25 ಶಾಟ್ ಸಿಗಬಹುದು. ಒಂದು ಕಡೆ ನಾಲ್ಕು ಸೆಕೆಂಡ್, ಇನ್ನೊಂದು ಕಡೆ 0.8. ಎಡಿಟರ್ ಉಸಿರು ಎಲ್ಲಿ ಬಿಗಿಹಿಡಿದ, ಎಲ್ಲಿ ಬಿಟ್ಟ ಅನ್ನುವುದು ಆಗ ಕಾಣುತ್ತದೆ.

ಇಷ್ಟಾದ ಮೇಲೆ ಸದ್ದು ಹಾಕಿ. 100 ಬಿಪಿಎಂ (ನಿಮಿಷಕ್ಕೆ 100 ಪೆಟ್ಟು) ಹಾಡಿನಲ್ಲಿ ಒಂದು ಪೆಟ್ಟಿಗೆ 0.6 ಸೆಕೆಂಡ್, ಅಂದರೆ 25 ಎಫ್‌ಪಿಎಸ್‌ನಲ್ಲಿ (ಸೆಕೆಂಡಿಗೆ 25 ಫ್ರೇಮ್) 15 ಫ್ರೇಮ್. ಪ್ರತಿ ಕಟ್ಟೂ ಪೆಟ್ಟಿನಿಂದ ಎಷ್ಟು ಫ್ರೇಮ್ ಹಿಂದೆ ಅಥವಾ ಮುಂದೆ ಇದೆ ಅಂತ ಬರೆದುಕೊಳ್ಳುತ್ತೇನೆ. ಒಳ್ಳೆಯ ಎಡಿಟಿಂಗ್‌ನಲ್ಲಿ ಒಂದೆರಡು ಫ್ರೇಮ್ ಮುಂಚಿತವಾಗಿ ಬಿದ್ದ ಕಟ್‌ಗಳು ನನಗೆ ಬೇಕಾದಷ್ಟು ಸಿಕ್ಕಿವೆ. ಹೊಸ ಚಿತ್ರವನ್ನು ಕಣ್ಣು ಹಿಡಿಯುವಷ್ಟರಲ್ಲಿ ಪೆಟ್ಟು ಬೀಳುತ್ತದೆ. ಈ ಅಳತೆಗೆ ವಿಡಿಯೊದೊಳಗಿನ ಸದ್ದನ್ನೇ ಬಳಸಿ. ಬೇರೆ ಎಂಪಿ3 ತಂದು ಜೋಡಿಸಿದರೆ ಅದರ ತಲೆಯಲ್ಲಿರುವ ಸಣ್ಣ ಮೌನವೇ ಒಂದು ಫ್ರೇಮ್ ತಿಂದುಹಾಕುತ್ತದೆ. ತಿಶ್ರ ನಡೆಯ (ಒಂದು ಪೆಟ್ಟು ಮೂರು ಭಾಗವಾಗುವ) ಜನಪದ ಹಾಡುಗಳಿಗೆ ಬಿಪಿಎಂ ಹೇಳುವ ಆ್ಯಪ್‌ಗಳನ್ನು ನಂಬಬೇಡಿ. 16 ಪೆಟ್ಟು ಕೈಯಲ್ಲಿ ಹಾಕಿ, ಸಮಯ ನೋಡಿ, ಭಾಗಿಸಿ.

ನಮ್ಮ ಮೈಸೂರು, ಮಂಡ್ಯದ ಕಡೆಯ ಬೀಸು ಕಂಸಾಳೆ ವಿಡಿಯೊಗಳು ಶಟರ್ (ಪ್ರತಿ ಫ್ರೇಮಿಗೆ ಎಷ್ಟು ಹೊತ್ತು ಬೆಳಕು ಬಿತ್ತು ಅನ್ನುವುದು) ಕಲಿಯುವುದಕ್ಕೆ ಹೇಳಿ ಮಾಡಿಸಿದ ಹಾಗಿವೆ. ದಾರದ ತುದಿಯ ಕಂಚಿನ ತಾಳ ತಲೆಯ ಮೇಲೆ ಸುತ್ತುವ ಎರಡು ಪಕ್ಕಪಕ್ಕದ ಫ್ರೇಮ್ ತೆಗೆದುಕೊಳ್ಳಿ. ತಾಳ ಮೊದಲ ಫ್ರೇಮಿನಿಂದ ಎರಡನೆಯದಕ್ಕೆ ಎಷ್ಟು ದೂರ ಸರಿಯಿತು, ಒಂದೇ ಫ್ರೇಮಿನಲ್ಲಿ ಅದು ಎಷ್ಟುದ್ದ ಗೆರೆಯಾಗಿ ಹರಡಿದೆ, ಎರಡನ್ನೂ ಅಳೆಯಿರಿ. ಗೆರೆ ಆ ದೂರದ ಅರ್ಧ ಇದ್ದರೆ ಶಟರ್ 180 ಡಿಗ್ರಿ (ಒಂದು ಫ್ರೇಮಿನ ಪೂರ್ತಿ ಅವಧಿ 360 ಅಂತ ಲೆಕ್ಕ), 25 ಎಫ್‌ಪಿಎಸ್‌ಗೆ 1/50 ಸೆಕೆಂಡ್. ಕಾಲು ಭಾಗ ಇದ್ದರೆ 90 ಡಿಗ್ರಿ, 1/100. ಗೆರೆಯೇ ಇಲ್ಲದೆ ತಾಳ ಗಾಳಿಯಲ್ಲಿ ಅಂಟಿಸಿದ ಹಾಗೆ ನಿಂತಿದ್ದರೆ ಬಿಸಿಲಿನಲ್ಲಿ ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಗಾಜು) ಇಲ್ಲದೆ ತೆಗೆದಿರುವ ಸಾಧ್ಯತೆ ಹೆಚ್ಚು. ಬಹುತೇಕ ಫೋನುಗಳಲ್ಲಿ ಅಪರ್ಚರ್ (ಲೆನ್ಸ್‌ನಲ್ಲಿ ಬೆಳಕು ಬರುವ ಕಿಂಡಿ) ಬದಲಾಗುವುದಿಲ್ಲ, ಬೆಳಕು ತಡೆಯಲು ಶಟರ್ ತಾನಾಗಿ 1/1000ಕ್ಕೂ ಮೇಲೇರುತ್ತದೆ. ಕುಣಿತದ ಬೀಸು ಹೋಗಿ ತುಂಡುತುಂಡು ಕಾಣುವುದು ಇದರಿಂದಲೇ.

ಸ್ಲೋ ಮೋಷನ್ ಪತ್ತೆಗೆ ಜಿಗಿತ ಸಾಕು. ಕುಣಿಯುವವರು ನೆಲದಿಂದ 30 ಸೆಂಟಿಮೀಟರ್ ಎಗರಿದರೆ ಗಾಳಿಯಲ್ಲಿರುವುದು ಸುಮಾರು ಅರ್ಧ ಸೆಕೆಂಡ್, 25 ಎಫ್‌ಪಿಎಸ್‌ನಲ್ಲಿ ಹನ್ನೆರಡು ಫ್ರೇಮ್ ಚಿಲ್ಲರೆ. ಪಾದ ನೆಲ ಬಿಟ್ಟು ಮತ್ತೆ ಮುಟ್ಟುವವರೆಗೆ 24, 25 ಫ್ರೇಮ್ ಎಣಿಸಿದಿರಾದರೆ ಅದು 50 ಎಫ್‌ಪಿಎಸ್‌ನಲ್ಲಿ ತೆಗೆದದ್ದು. ಅಂಥ ಶಾಟಿನಲ್ಲೂ ತುಟಿ ಹಾಡಿಗೆ ಸರಿಯಾಗಿ ಕೂತಿದ್ದರೆ, ಸ್ಥಳದಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಿ ನಟರಿಂದ ಆ ವೇಗದಲ್ಲೇ ತುಟಿ ಆಡಿಸಿದ್ದಾರೆ. ಸೆರಗು, ಕೂದಲು ತೇಲುತ್ತವೆ, ತುಟಿ ಮಾತ್ರ ತಪ್ಪುವುದಿಲ್ಲ. ನಟನ ರೆಪ್ಪೆ ನೋಡಿ, ಅದೂ ನಿಧಾನವಾಗಿ ಮುಚ್ಚುತ್ತದೆ. ಸಾಮಾನ್ಯ ವೇಗದಲ್ಲಿ ತೆಗೆದು ಕಂಪ್ಯೂಟರಿನಲ್ಲಿ ನಿಧಾನ ಮಾಡಿದ್ದರೆ ಒಂದೇ ಫ್ರೇಮ್ ಎರಡೆರಡು ಸಲ ಬರುತ್ತದೆ, ಇಲ್ಲವೇ ಬೆರಳು, ಜಡೆಯ ಅಂಚು ನೀರಿನಲ್ಲಿಟ್ಟ ಹಾಗೆ ಅಲ್ಲಾಡುತ್ತದೆ.

ರಾತ್ರಿಯ ಜಾತ್ರೆ, ದಸರಾ ದೀಪದ ಶಾಟುಗಳಲ್ಲಿ ಅಂಗಡಿಯ ಎಲ್‌ಇಡಿ ಮೇಲೆ ಕಪ್ಪು ಪಟ್ಟೆ ಹರಿದಾಡಿದರೆ ಕಾರಣ ಬಹುಮಟ್ಟಿಗೆ ಶಟರ್. ನಮ್ಮ ಕರೆಂಟು 50 ಹರ್ಟ್ಜ್, ಕಳಪೆ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. 1/50 ಅಥವಾ 1/100 ಇಟ್ಟರೆ ಪಟ್ಟೆ ನಿಲ್ಲುತ್ತದೆ. 60 ಎಫ್‌ಪಿಎಸ್, 1/120 ಇಟ್ಟವರಿಗೆ ತೊಂದರೆ ಖಂಡಿತ.

ಬೆಳಕಿನ ವಿಷಯಕ್ಕೆ ಬಂದರೆ ನಾನು ಮೊದಲು ಕಣ್ಣಿನ ಗುಡ್ಡೆಯ ಹೊಳಪನ್ನು ಹಿಗ್ಗಿಸಿ ನೋಡುತ್ತೇನೆ. ಚೌಕವಿದ್ದರೆ ಸಾಫ್ಟ್‌ಬಾಕ್ಸ್ (ಬೆಳಕನ್ನು ಮೃದು ಮಾಡುವ ಪೆಟ್ಟಿಗೆ) ಅಥವಾ ಕಿಟಕಿ, ಬಳೆಯಂತಿದ್ದರೆ ರಿಂಗ್ ಲೈಟ್. ಹೊರಾಂಗಣದಲ್ಲಿ ನೆರಳೇ ಗಡಿಯಾರ. ಮೇಲುಕೋಟೆಯ ಕಲ್ಯಾಣಿಯಲ್ಲಿ ತೆಗೆದ ಹಾಡಾದರೆ ಕೆಲಸ ಇನ್ನೂ ಸಲೀಸು: ಒಂದು ಮೆಟ್ಟಿಲಿನ ಅಂಚಿನ ನೆರಳು ಕೆಳಗಿನ ಮೆಟ್ಟಿಲನ್ನು ಎಷ್ಟು ಮುಚ್ಚಿದೆ ಅಂತ ನೋಡಿ. ಅದೇ ಬದಿಯ ಮೆಟ್ಟಿಲುಗಳಲ್ಲಿ ಒಂದು ಶಾಟಿನಲ್ಲಿ ನೆರಳು ಕಾಲು ಭಾಗ, ಮುಂದಿನ ಶಾಟಿನಲ್ಲಿ ಪೂರ್ತಿ ಇದ್ದರೆ, ಪಕ್ಕಪಕ್ಕ ಕೂಡಿಸಿದ ಆ ಎರಡು ಶಾಟುಗಳ ನಡುವೆ ಗಂಟೆಗಟ್ಟಲೆ ಅಂತರವಿದೆ. ಹಾಳೆಯ ಕೊನೆಯ ಕಾಲಂನಲ್ಲಿ ಇದನ್ನು ಶಾಟ್ ಸಂಖ್ಯೆಯ ಎದುರಿಗೆ ಬರೆದು, ನೆರಳಿನ ಉದ್ದದ ಪ್ರಕಾರ ಸಾಲುಗಳನ್ನು ಮತ್ತೆ ಜೋಡಿಸಿದರೆ ಆ ದಿನ ಯಾವುದನ್ನು ಮೊದಲು ತೆಗೆದರು, ಯಾವುದನ್ನು ಆಮೇಲೆ ತೆಗೆದರು ಅನ್ನುವ ಅಂದಾಜು ಪಟ್ಟಿ ಕೈಗೆ ಬರುತ್ತದೆ.