ಅಕ್ಷರ ನುಂಗುತ್ತಿದ್ದ ಕೀಬೋರ್ಡ್

ಕತ್ತು ನೋವು ತಡೆಯಲಾಗದೆ ಉಡುಪಿಯ ನಮ್ಮ ಮನೆಯ ಚಾವಡಿಯಲ್ಲಿ ಲ್ಯಾಪ್‌ಟಾಪಿಗೆ ದೊಡ್ಡ ಮಾನಿಟರ್, ವೈರ್‌ಲೆಸ್ ಕೀಬೋರ್ಡ್ ಜೋಡಿಸಿದೆ. ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ಮಾನಿಟರ್ ಕಪ್ಪು. ಅದು ಸುಲಭ: ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ, ಮುಚ್ಚಳ ಮುಚ್ಚಿದರೆ 'ಡು ನಥಿಂಗ್' ಅಂತ ಕೊಟ್ಟೆ. ಚಾರ್ಜರ್ ಹಾಕಿದ್ದಾಗ ಮಾತ್ರ. ಇಲ್ಲಾಂದ್ರೆ ಬ್ಯಾಗಿನೊಳಗೂ ಓಡುತ್ತಾ ಬಿಸಿಯಾಗುತ್ತದೆ.

ನಿಜವಾಗಿ ಕಾಡಿದ್ದು ಕೀಬೋರ್ಡ್. 'ಮಳೆ' ಅಂತ ಒತ್ತಿದರೆ 'ಮಳ' ಬೀಳುತ್ತಿತ್ತು. ಕೆಲವೊಮ್ಮೆ ಒಂದೇ ಅಕ್ಷರ ಐದಾರು ಸಲ. ಸೆಲ್ ಬದಲಿಸಿದೆ, ಆಗಲಿಲ್ಲ. ತೇವಕ್ಕೆ ಹೀಗಾಗಿರಬೇಕು, ಬಿಸಿಲಿಗಿಡು ಅಂದರು ಅಮ್ಮ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಬಿಸಿಲು ಎಲ್ಲಿಂದ ತರೋದು!

ಕೊನೆಗೆ ಕಣ್ಣಿಗೆ ಬಿತ್ತು: ಕೀಬೋರ್ಡಿನ ಸಂಕೇತ ಹಿಡಿಯಲು ಲ್ಯಾಪ್‌ಟಾಪಿಗೆ ಚುಚ್ಚುವ ಪುಟ್ಟ ಡಾಂಗಲ್ ಇದೆಯಲ್ಲ, ಅದರ ಪಕ್ಕದ ನೀಲಿ (ಯುಎಸ್‌ಬಿ 3.0) ಪೋರ್ಟ್‌ನಲ್ಲೇ ಹಾರ್ಡ್‌ಡಿಸ್ಕ್ ಇದೆ. ಯುಎಸ್‌ಬಿ 3.0 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ರೇಡಿಯೋ ಗದ್ದಲ ಎಬ್ಬಿಸುತ್ತದೆ. ಡಾಂಗಲ್ ಕಿವಿ ಇಟ್ಟಿರುವುದೂ ಅಲ್ಲೇ. ಹಾರ್ಡ್‌ಡಿಸ್ಕ್ ಕಿತ್ತೆ, ಅಕ್ಷರ ಸರಿಯಾಗಿ ಬಿತ್ತು. ಮತ್ತೆ ಹಾಕಿದೆ, ಮತ್ತೆ ನುಂಗಿತು. ಖಾತ್ರಿಯಾಯಿತು ಅಲ್ವಾ?

ಮಂಗಳೂರಿಗೆ ಹೋದಾಗ ಹಂಪನಕಟ್ಟೆಯಲ್ಲಿ ಒಂದು ಯುಎಸ್‌ಬಿ 2.0 ಎಕ್ಸ್‌ಟೆನ್ಷನ್ ವೈರ್ ತಂದು, ಡಾಂಗಲನ್ನು ಕೀಬೋರ್ಡ್ ಹತ್ತಿರಕ್ಕೇ ಎಳೆದಿಟ್ಟೆ. ಹಾರ್ಡ್‌ಡಿಸ್ಕ್ ಈಗ ಇನ್ನೊಂದು ಬದಿಯ ಪೋರ್ಟ್‌ನಲ್ಲಿದೆ.