ಏರಲ್ಲಿ ಸೈಕಲ್ ತುಳಿಯೋದು ಹೇಗೆ: ಕಾಲಿಗಿಂತ ಹಲ್ಲು ಮುಖ್ಯ

ಭಾನುವಾರ ಬೆಳಗ್ಗೆ ನಂದಿ ಕಡೆ ಹೋದ್ರೆ ಬೆಂಗಳೂರಿಂದ ಬಂದ ಸೈಕಲ್ಲಿನೋರು ಟೈಟ್ ಬಟ್ಟೆ ಹಾಕ್ಕೊಂಡು 1478 ಮೀಟರ್ ಎತ್ತರದ ಬೆಟ್ಟಾನ ಹತ್ತುತಾ ಇರ್ತಾರೆ, ನೋಡೋಕೆ ಚೆನ್ನಾಗಿರುತ್ತೆ. ಆದ್ರೆ ಕ್ಯಾರಿಯರ್ ಮೇಲೆ ಊಟದ ಡಬ್ಬಿ ಇಟ್ಕೊಂಡು ಇಸ್ತ್ರಿ ಶರ್ಟಲ್ಲಿ ದಿನಾ ಹಳ್ಳಿಯಿಂದ ಚಿಕ್ಕಬಳ್ಳಾಪುರಕ್ಕೆ ಬರೋ ನಮ್ಮಂಥೋರ ಕಷ್ಟಾನೇ ಬೇರೆ, ದಾರೀಲಿ ಸಿಗೋ ಎರಡು ದಿನ್ನೆ ದಾಟಿ ಬೆವರು ಸುರಿಸದೆ ಕೆಲಸಕ್ಕೆ ಸೇರ್ಕೊಂಡ್ರೆ ಸಾಕು.

ಮೊದಲು ಸೀಟು ನೋಡಿ. ಪೆಡಲ್ ಪೂರ್ತಿ ಕೆಳಗಿದ್ದಾಗ ಹಿಮ್ಮಡಿ ಅದರ ಮೇಲಿಟ್ರೆ ಕಾಲು ನೆಟ್ಟಗಾಗ್ಬೇಕು. ಬಹಳ ಜನ ಸೀಟು ತಗ್ಗಿಸ್ಕೊಂಡು ತುಳಿದು ಮಂಡಿ ನೋವು ಅಂತಾರೆ.

ಆಮೇಲೆ ಫ್ರೀವೀಲು, ಅಂದ್ರೆ ಹಿಂದಿನ ಚಕ್ರದಲ್ಲಿ ಚೈನು ಕೂರೋ ಹಲ್ಲಿನ ಬಿಲ್ಲೆ. ಗೇರಿಲ್ಲದ ಸೈಕಲ್ಲಿಗೆ ಇದನ್ನ ಬದಲಾಯಿಸೋದಕ್ಕಿಂತ ಒಳ್ಳೆ ರಿಪೇರಿ ಇನ್ನೊಂದಿಲ್ಲ. ಮುಂದೆ ಪೆಡಲ್ ಹತ್ರ ಇರೋ ಚೈನ್‌ವೀಲಿಗೆ 44 ಹಲ್ಲು, ಹಿಂದೆ ಫ್ರೀವೀಲಿಗೆ 18 ಇದ್ರೆ, ಪೆಡಲ್ ಒಂದು ಸುತ್ತು ಬರೋವಷ್ಟರಲ್ಲಿ ಹಿಂದಿನ ಚಕ್ರ ಹತ್ತಿರ ಹತ್ತಿರ ಎರಡೂವರೆ ಸುತ್ತು ಹೊಡೆಯುತ್ತೆ. ಸಪಾಟು ರಸ್ತೇಲಿ ಮಜಾ, ಏರಲ್ಲಿ ತೊಡೆ ಕಿತ್ತು ಬರುತ್ತೆ. ಅದೇ ಹಿಂದೆ 22 ಹಲ್ಲಿಂದು ಹಾಕಿಸಿದ್ರೆ ಚಕ್ರ ಸರಿಯಾಗಿ ಎರಡೇ ಸುತ್ತು, ಕಾಲಿನ ಭಾರ ಐದರಲ್ಲಿ ಒಂದು ಪಾಲು ಇಳಿದಂಗೆ. ಚೈನಿಗೆ ಒಂದೆರಡು ಕೊಂಡಿ ಸೇರಿಸ್ಬೇಕಾಗಬಹುದು, ಶಾಪಿನೋರಿಗೆ ಮೊದಲೇ ಹೇಳಿ. ನಮ್ಮ ಶಾಪಿನೋರು "ಸಾರ್, ಸ್ಪೀಡು ಹೋಗುತ್ತೆ" ಅಂತ ಎರಡು ಸಲ ಹೇಳಿದ್ರು, ಹೋಗ್ಲಿ ಬಿಡಿ ಅಂದೆ.

ಗೇರ್ ಸೈಕಲ್ ಇದ್ರೆ ಏರು ಶುರುವಾಗೋಕೆ ಮುಂಚೇನೇ ಹಗುರ ಗೇರಿಗೆ ಬದಲಾಯಿಸಿ. ಅರ್ಧ ಹತ್ತಿ ಒದ್ದಾಡ್ತಾ ಬದಲಾಯಿಸೋಕೆ ಹೋದ್ರೆ ಕಟಕಟ ಅಂದು ಚೈನು ಬೀಳುತ್ತೆ.

ಇನ್ನು ಹತ್ತೋದು. ಎಲ್ರೂ ಮಾಡೋ ತಪ್ಪು ಅಂದ್ರೆ ಬುಡದಲ್ಲೇ ರಭಸವಾಗಿ ನುಗ್ಗೋದು, ಅರ್ಧಕ್ಕೆ ಉಸಿರು ಮುಗಿದಿರುತ್ತೆ. ನೂರು ಮೀಟರಿಗೆ ಐದು ಮೀಟರ್ ಏರೋ ರಸ್ತೇಲಿ ನಿಮ್ಮ ಶಕ್ತಿಯೆಲ್ಲ ಭಾರ ಎತ್ತೋಕೇ ಹೋಗುತ್ತೆ, ಗಾಳಿ ಸೀಳೋಕೆ ಹೋಗೋದು ತುಂಬಾ ಕಮ್ಮಿ. ಹಾಗಾಗಿ ಗಂಟೆಗೆ 12 ಕಿಲೋಮೀಟರ್ ಬದಲು 8ರಲ್ಲಿ ಹೋದ್ರೆ ಆಯಾ ಹೊತ್ತಿಗೆ ಬೀಳೋ ಶ್ರಮ ಸುಮಾರು ಮೂರರಲ್ಲಿ ಒಂದು ಪಾಲು ಕಮ್ಮಿ ಆಗುತ್ತೆ, ಏರು ಅರ್ಧ ಕಿಲೋಮೀಟರ್ ಇದ್ರೆ ತಡ ಆಗೋದು ಒಂದೂಕಾಲು ನಿಮಿಷ, ಅಷ್ಟಕ್ಕೆ ಯಾರೂ ಮೆಮೊ ಕೊಡಲ್ಲ. ಹ್ಯಾಂಡಲ್ ಗಟ್ಟಿಯಾಗಿ ಹಿಡೀಬೇಡಿ, ತೀರಾ ಆಗ್ಲಿಲ್ಲ ಅಂದ್ರೆ ಕೊನೆಯ ಇಪ್ಪತ್ತು ಮೀಟರ್ ನಿಂತು ತುಳೀರಿ. ಹಾವಿನ ಥರ ಅಡ್ಡಡ್ಡ ಹೊಡೆಯೋದು ಟ್ರ್ಯಾಕ್ಟರ್ ಓಡಾಡೋ ರಸ್ತೇಲಿ ಬೇಡವೇ ಬೇಡ. ಆಷಾಢದಲ್ಲಿ ಎದುರುಗಾಳಿ ಬೇರೆ ಸೇರ್ಕೊಂಡ್ರೆ ಇಳಿದು ತಳ್ಳಿ, ನಾನಂತೂ ತಳ್ತೀನಿ.

ಟೈರಿನ ಪಕ್ಕದಲ್ಲಿ ಗಾಳಿ ಎಷ್ಟು ಅಂತ ಬರೆದಿರುತ್ತೆ, ವಾರಕ್ಕೊಂದು ಸಲ ಅಷ್ಟಕ್ಕೆ ಹಾಕಿಸಿ. ಬ್ಯಾಗು ಬೆನ್ನಿಗಿಂತ ಕ್ಯಾರಿಯರ್ ಮೇಲಿರ್ಲಿ, ಬೆನ್ನಾದ್ರೂ ಒಣಗಿರುತ್ತೆ.

ಹತ್ತಿದ ಮೇಲೆ ಇಳೀಲೇಬೇಕಲ್ಲ, ಭಯ ಇರೋದು ಅಲ್ಲೇ. ಎರಡೂ ಬ್ರೇಕನ್ನ ಬಿಟ್ಟು ಬಿಟ್ಟು ಒತ್ತಿ, ಒಂದೇ ಸಮನೆ ಹಿಡಿದ್ರೆ ರಿಮ್ಮು ಬಿಸಿಯಾಗುತ್ತೆ, ಬ್ರೇಕ್ ರಬ್ಬರೂ ಬೇಗ ಸವೆಯುತ್ತೆ. ಸುಗ್ಗಿ ಕಾಲದಲ್ಲಿ ಇನ್ನೊಂದಿದೆ: ಬಸ್ಸು ಲಾರಿ ತುಳಿದು ಒಕ್ಕಣೆ ಆಗ್ಲಿ ಅಂತ ನಮ್ಮ ಕಡೆ ಡಾಂಬರ್ ಮೇಲೇ ರಾಗಿ, ಹುರುಳಿ ಹರಡ್ತಾರಲ್ಲ, ಅದರ ಮೇಲೆ ಬ್ರೇಕ್ ಹಿಡಿದ್ರೆ ಗಾಜಿನ ಮೇಲೆ ಕಾಲಿಟ್ಟಂಗೆ. ನಾನು ಹಂಗೇ ಬಿದ್ದು ಮೊಣಕೈ ತರಚ್ಕೊಂಡೆ. ಅಲ್ಲಿದ್ದ ಅಜ್ಜಿ "ಬೆಲ್ ಹೊಡೀಬಾರ್ದೇನಪ್ಪ" ಅಂತ ಬೈತಾ ಚೆಲ್ಲಾಪಿಲ್ಲಿ ಆಗಿದ್ದ ರಾಗೀನ ಮೊದಲು ಬಳಿದು ಗುಡ್ಡೆ ಮಾಡಿ ಆಮೇಲೆ ನನ್ನ ಕಡೆ ನೋಡಿದ್ರು. ಈಗ ದೂರದಿಂದ ಹುಲ್ಲು ಕಂಡ್ರೆ ಅದಕ್ಕೆ ಮುಂಚೇನೇ ಸ್ಪೀಡ್ ಇಳಿಸಿ, ಹುಲ್ಲಿನ ಮೇಲೆ ಬ್ರೇಕ್ ಮುಟ್ಟದೆ ನೆಟ್ಟಗೆ ದಾಟ್ತೀನಿ, ಬೆಲ್ಲೂ ಹೊಡೀತೀನಿ.